ಅಮೆರಿಕಕ್ಕೆ ಇತಿಹಾಸವೇ ಇಲ್ವಂತೆ!

"ಅಮೆರಿಕಕ್ಕೆ ಎಲ್ಲಿದೆ ಗುರು ಕಲೆ, ಸಂಸ್ಕೃತಿ? ಇನ್ನೂರೈವತ್ತು ವರ್ಷದ ದೇಶ ಅದು." ಆನ್‌ಸೈಟ್ ಹೋಗಿ ಬಂದವರಿರುವ ಯಾವ ಆಫೀಸಿನಲ್ಲಾದರೂ ಚಹಾ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಹೇಳುವವನ ಮುಖದಲ್ಲಿ ಬೇಲೂರು ದೇವಸ್ಥಾನವನ್ನು ತಾನೇ ಕೆತ್ತಿದಷ್ಟು ಹೆಮ್ಮೆ. ಮೊದಮೊದಲು ನಾನೂ ಹೂಂಗುಟ್ಟಿದವನೇ. ಈಗ ಆಗಲ್ಲ. ಯಾಕಂದ್ರೆ ಇದು ಯಾರೋ ಹೇಳಿಕೊಟ್ಟ ಸುಳ್ಳು, ನಾವು ಗಿಣಿಪಾಠ ಒಪ್ಪಿಸ್ತಾ ಇದ್ದೇವೆ.

ಬೇಲೂರಿನ ಲೆಕ್ಕವನ್ನೇ ಹಿಡಿಯೋಣ. ಚೆನ್ನಕೇಶವ ದೇವಸ್ಥಾನ 1117ರದ್ದು. ಆ ಹೊತ್ತಿಗೆ ಈಗಿನ ಸೇಂಟ್ ಲೂಯಿಸ್ ಪಕ್ಕದ ಕಹೋಕಿಯದಲ್ಲಿ ಸಾವಿರಾರು ಜನರಿದ್ದ ನಗರವಿತ್ತು. ಅಲ್ಲಿನವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬ ಇವತ್ತಿಗೂ ಸುಮಾರು 30 ಮೀಟರ್ ಎತ್ತರ ನಿಂತಿದೆ. ಹೆಚ್ಚೂಕಮ್ಮಿ ಅದೇ ಕಾಲಕ್ಕೆ ನ್ಯೂ ಮೆಕ್ಸಿಕೋದ ಮಿಂಬ್ರೆಸ್ ಕಣಿವೆಯ ಜನ ಬಿಳಿ ಬಟ್ಟಲುಗಳ ಒಳಗೆ ಕಪ್ಪು ಬಣ್ಣದಲ್ಲಿ ಮೊಲ, ಮೀನು, ಹಕ್ಕಿಗಳನ್ನು ಬರೀತಿದ್ದರು. ಕೊಲಂಬಸ್‌ನ ಮುತ್ತಜ್ಜನೂ ಆಗ ಹುಟ್ಟಿರಲಿಲ್ಲ.

ಹಾಗಾದ್ರೆ ಈ ಇನ್ನೂರೈವತ್ತರ ಲೆಕ್ಕ ಎಲ್ಲಿಂದ ಬಂತು? ಅದನ್ನು ಬರೆದವರು ಗೆದ್ದವರು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ 'ಅಮೆರಿಕನ್ ವಿಂಗ್' ಶುರುವಾದದ್ದು 1924ರಲ್ಲಿ. ವಲಸೆ ಬಂದ ಬಿಳಿಯರ ಕುರ್ಚಿ, ಮೇಜು, ಬೆಳ್ಳಿ ಪಾತ್ರೆಗೂ ಅಲ್ಲಿ ಜಾಗ ಸಿಕ್ಕಿತು. ಆ ನೆಲದ ಮೂಲನಿವಾಸಿಗಳ ಕಲೆ ಮಾತ್ರ ಆಫ್ರಿಕಾ, ಪೆಸಿಫಿಕ್ ದ್ವೀಪಗಳ ಕಲೆಯ ಜೊತೆ ಬೇರೆ ವಿಭಾಗಕ್ಕೆ ಹೋಯಿತು. ಅದೇ ಊರಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಂನಲ್ಲಂತೂ ಡೈನೋಸಾರ್ ಎಲುಬುಗಳಿರುವ ಕಟ್ಟಡದಲ್ಲೇ ಅವರ ಮುಖವಾಡಗಳು, ಕೆತ್ತಿದ ಕಂಬಗಳು. ಮೂಲನಿವಾಸಿಗಳು ಮಾಡಿದ್ದೂ ಅಮೆರಿಕನ್ ಕಲೆಯೇ ಎಂದು ಒಪ್ಪಿ, ಅದನ್ನು ಅಮೆರಿಕನ್ ವಿಂಗ್ ಒಳಗೇ ದೊಡ್ಡದಾಗಿ ಪ್ರದರ್ಶಿಸಿದ್ದು 2018ರಲ್ಲಿ. 94 ವರ್ಷ ಬೇಕಾಯ್ತು!

"ಕೊನೆಗಾದರೂ ಸೇರಿಸ್ಕೊಂಡ್ರಲ್ಲ, ಇನ್ನೇನು ನಿಂದು ತಕರಾರು?" ಅಂತೀರಾ? ಸೇರಿಸಿಕೊಳ್ಳುವ ರೀತಿಯಲ್ಲೇ ಇನ್ನೊಂದು ಮೋಸ ಇರುತ್ತದೆ ಸ್ವಾಮಿ.

ಅಲಬಾಮಾ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ. ಹತ್ತಿ ತೋಟದಲ್ಲಿ ಗುಲಾಮರಾಗಿದ್ದ ಕರಿಯರ ಮಕ್ಕಳು, ಮೊಮ್ಮಕ್ಕಳ ಊರು. ಅಲ್ಲಿನ ಹೆಂಗಸರು ಹರಿದ ಜೀನ್ಸ್, ಹಿಟ್ಟಿನ ಚೀಲ, ಹಳೇ ಅಂಗಿ ಜೋಡಿಸಿ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. ಥೇಟ್ ನಮ್ಮ ಕೌದಿ. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕೌದಿ ಹೊಲಿದಳು. 2002ರಲ್ಲಿ ಈ ಊರಿನ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. ವಿಮರ್ಶಕರು ಮಾತೀಸ್ ಹೆಸರು ತೆಗೆದು ಹೊಗಳಿದ್ದೇ ಹೊಗಳಿದ್ದು. ಯಾಕೆ, ಆ ತಾಯಂದಿರು ದೊಡ್ಡವರು ಅನ್ನೋಕೆ ಯುರೋಪಿನವನೊಬ್ಬ ಸಾಕ್ಷಿ ಹೇಳಲೇಬೇಕಾ?

ಇನ್ನೂ ಒಂದು ವಿಷಯ ಕೇಳಿ. 1962ರಲ್ಲಿ ಈ ಊರಿನ ಕರಿಯರು ಮತದಾರರ ಪಟ್ಟಿಗೆ ಹೆಸರು ಹಚ್ಚಲು ಹೊಳೆ ದಾಟಿ ಕ್ಯಾಮ್ಡೆನ್‌ಗೆ ಹೋಗತೊಡಗಿದಾಗ, ಅಲ್ಲಿನ ಬಿಳಿಯ ಆಡಳಿತ ದೋಣಿಯನ್ನೇ ನಿಲ್ಲಿಸಿಬಿಟ್ಟಿತು. ಮತ್ತೆ ದೋಣಿ ಬಂದದ್ದು 2006ರಲ್ಲಿ. ಅಂದ್ರೆ ಕೌದಿಗಳು ನ್ಯೂಯಾರ್ಕ್ ಮುಟ್ಟಿ ನಾಲ್ಕು ವರ್ಷವಾದರೂ, ಹೊಲಿದವರಿಗೆ ಎದುರಿನ ದಡ ಮುಟ್ಟಲು ದೋಣಿ ಇರಲಿಲ್ಲ! ಅದೇ 2006ರಲ್ಲಿ ಸರ್ಕಾರ ಈ ಕೌದಿಗಳ ಅಂಚೆಚೀಟಿಯನ್ನೂ ತಂದಿತು. ವೈವಿಧ್ಯ, ವೈವಿಧ್ಯ ಅಂತ ಭಾಷಣ ಬಿಗಿಯುವವರು ಈ ಎರಡು ಸುದ್ದಿಯನ್ನು ಒಟ್ಟಿಗೆ ಹೇಳೋದಿಲ್ಲ. ಮಾಡಿದ ವಸ್ತು ಬೇಕು, ಮಾಡಿದವರ ಕಷ್ಟ ಬೇಡ.

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ಬಿಇ ಓದಲು ಹಾಸ್ಟೆಲ್ ಸೇರುವಾಗ ಅಜ್ಜಿ ತನ್ನ ಹಳೇ ಸೀರೆಗಳ ಕೌದಿ ಮಡಚಿ ಕೊಟ್ಟಿದ್ದಳು. ರೂಮಿನ ಸಿಟಿ ಹುಡುಗರು ನಗ್ತಾರೆ ಅಂತ ಅದನ್ನು ನಾಲ್ಕು ವರ್ಷ ಟ್ರಂಕಿನ ತಳದಲ್ಲೇ ಇಟ್ಟು, ಅಂಗಡಿಯಿಂದ ತಂದ ಬ್ಲಾಂಕೆಟ್ ಹೊದ್ದೆ. ಯಾವುದು ಕಲೆ, ಯಾವುದು ಚಿಂದಿ ಅಂತ ಮ್ಯೂಸಿಯಂನವರು ತೀರ್ಮಾನಿಸಿದಂತೆಯೇ ನಾನೂ ಮಾಡಿದ್ದೆ.

ಆಫ್ರಿಕಾ ಮೂಲದವರೇ ಆದ ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನಗೊಂಡವು. ಯಲ್ಲಾಪುರ, ಹಳಿಯಾಳ ನಮಗೆ ಒಂದು ರಾತ್ರಿಯ ಬಸ್ ದಾರಿ. ಅಮೆರಿಕಕ್ಕೆ ಸಂಸ್ಕೃತಿ ಇಲ್ಲ ಅಂತ ಚಹಾ ಹೀರುವ ಗೆಳೆಯರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿ ಆ ಕೌದಿ ನೋಡಿದ್ದೀರಿ? ಹೊಲಿದವರ ಹೆಸರು ಕೇಳಿದ್ದೀರಿ?