ಜೊತೆಗಾರನಿಗೆ ಬಿಟ್ಟ ಚೆಂಡು

ಈ ಬರಹದಲ್ಲಿ ನಾನು ಹೇಳಹೊರಟಿರುವ ಆಟವನ್ನು ನಾನು ಆಡಿದವನಲ್ಲ. ಅದರ ಮೇಜನ್ನು ಕೈಯಿಂದ ಮುಟ್ಟಿದವನೂ ಅಲ್ಲ. ನಮ್ಮ ಕಾಲೇಜಿನ ಕ್ರೀಡಾಕೊಠಡಿಯಲ್ಲಿರುವುದು ಎರಡು ಕೇರಂ ಹಲಗೆ, ಒಂದು ಟೇಬಲ್ ಟೆನಿಸ್ ಮೇಜು. ಹಾಸ್ಟೆಲಿನ ಗೆಳೆಯನೊಬ್ಬನ ಮೊಬೈಲಿನಲ್ಲಿ ಒಂದು ರಾತ್ರಿ ಈ ಆಟವನ್ನು ನೋಡಿದೆ, ಅಷ್ಟೆ. ಆಡದವನಿಗೆ ಅಭಿಪ್ರಾಯವೇಕೆ ಎಂದು ಯಾರಾದರೂ ಕೇಳಿದರೆ, ಕ್ರಿಕೆಟ್ಟಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಯಾರಿಗೂ ಕೇಳುವುದಿಲ್ಲವೆಂದು ವಿನಯದಿಂದ ಜ್ಞಾಪಿಸುತ್ತೇನೆ.

ಆಟದ ಹೆಸರು ಪೂಲ್. ಬಿಲಿಯರ್ಡ್ಸ್, ಸ್ನೂಕರ್ ಎಂದೊಡನೆ ನಮಗೆ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಹೆಸರು ನೆನಪಾಗುತ್ತದೆ. ಪೂಲ್ ಆ ಮನೆತನಕ್ಕೇ ಸೇರಿದ ಆಟ. ಇದರಲ್ಲಿ ರಾಷ್ಟ್ರಗಳ ಪರವಾಗಿ ಜೋಡಿಗಳು ಸೆಣಸುವ 'ವರ್ಲ್ಡ್ ಕಪ್ ಆಫ್ ಪೂಲ್' ಎಂಬ ಪಂದ್ಯಾವಳಿ 2006ರಲ್ಲಿ ವೇಲ್ಸ್ ದೇಶದ ನ್ಯೂಪೋರ್ಟಿನಲ್ಲಿ ಆರಂಭವಾಯಿತು. ಮೇಜಿನ ಮೇಲೆ ಒಂದರಿಂದ ಒಂಬತ್ತರವರೆಗೆ ಅಂಕೆ ಬರೆದ ಚೆಂಡುಗಳಿರುತ್ತವೆ. ಬಿಳಿಯ ಚೆಂಡನ್ನು ಕೋಲಿನಿಂದ ಹೊಡೆದು, ಉಳಿದಿರುವುದರಲ್ಲಿ ಅತಿ ಚಿಕ್ಕ ಅಂಕೆಯ ಚೆಂಡಿಗೇ ಅದು ಮೊದಲು ತಾಗುವಂತೆ ಮಾಡಬೇಕು. ಒಂಬತ್ತನೆಯ ಚೆಂಡನ್ನು ನಿಯಮದಂತೆ ಪಾಕೆಟ್ಟಿಗೆ ಬೀಳಿಸಿದವರದು ಆ ಸುತ್ತು.

ಇಲ್ಲಿಯವರೆಗೆ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ಜೋಡಿಯ ನಿಯಮದಲ್ಲಿ. ಕೇರಂ ಜೋಡಿ ಆಟದಲ್ಲಿ ಕಾಯಿ ಬೀಳುತ್ತಿರುವಷ್ಟು ಹೊತ್ತೂ ಒಬ್ಬನೇ ಹೊಡೆಯುತ್ತಾನೆ. ಎದುರಿಗೆ ಕುಳಿತ ಜೊತೆಗಾರ ಕೈಕಟ್ಟಿ ನೋಡುತ್ತಿರಬೇಕು. ಇಲ್ಲಿ ಹಾಗಲ್ಲ. ಒಂದು ಹೊಡೆತ ನನ್ನದಾದರೆ, ಚೆಂಡು ಬಿದ್ದರೂ ಸರಿಯೆ, ಮುಂದಿನದು ಜೊತೆಗಾರನದು. ಟೇಬಲ್ ಟೆನಿಸ್ ಜೋಡಿಯಾಟದಲ್ಲೂ ಹೀಗೆ ಸರದಿಯುಂಟು. ಆದರೆ ಅಲ್ಲಿ ಚೆಂಡನ್ನು ನಮ್ಮವನಿಗೆ ಕಳಿಸುವವನು ಎದುರಾಳಿ. ಪೂಲಿನಲ್ಲಿ ಜೊತೆಗಾರನ ಕಷ್ಟವೂ ಸುಖವೂ ನನ್ನ ಹಿಂದಿನ ಹೊಡೆತದಿಂದಲೇ ಹುಟ್ಟುತ್ತವೆ. ಚೆಂಡು ಬಿದ್ದರೆ ಸಾಲದು, ಬಿಳಿಯ ಚೆಂಡು ಅವನಿಗೆ ಅನುಕೂಲವಾದ ಜಾಗದಲ್ಲಿ ನಿಲ್ಲಬೇಕು. ಅವನು ಎಡಗೈಯವನೋ, ಮೇಜಿನ ಆ ಬದಿಗೆ ಅವನ ಕೈ ಎಟುಕುತ್ತದೆಯೋ, ಇದೆಲ್ಲ ನನ್ನ ಲೆಕ್ಕದಲ್ಲಿರಬೇಕು. ನನಗೆ ಸುಲಭವಾದದ್ದು ಅವನಿಗೂ ಸುಲಭವೆಂದು ತಿಳಿದವನು ಕೆಟ್ಟ.

ಅಂದಮೇಲೆ ಈ ಪಂದ್ಯಾವಳಿಯಲ್ಲಿ ಗೆಲ್ಲಲು ಇಬ್ಬರು ಶೂರರಿದ್ದರೆ ಸಾಲದು, ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ಅದರ ಇತಿಹಾಸವೂ ಹಾಗೆಯೇ ಹೇಳುತ್ತದೆ. ಫಿಲಿಪ್ಪೀನ್ಸಿನ ಎಫ್ರೆನ್ ರೆಯೆಸ್ ಮತ್ತು ಫ್ರಾನ್ಸಿಸ್ಕೊ ಬುಸ್ತಮಾಂತೆ 2006ರಲ್ಲಿ ಗೆದ್ದರು, 2009ರಲ್ಲಿ ತಮ್ಮ ದೇಶದಲ್ಲೇ ಮತ್ತೆ ಗೆದ್ದರು. ಚೀನಾದ ಲಿ ಹೆವೆನ್ ಮತ್ತು ಫು ಜಿಯಾನ್‌ಬೊ 2007ರಲ್ಲಿಯೂ 2010ರಲ್ಲಿಯೂ ಗೆದ್ದರು. ಪುಟ್ಟ ರಾಷ್ಟ್ರವಾದ ಆಸ್ಟ್ರಿಯದ ಆಲ್ಬಿನ್ ಔಷನ್ ಮತ್ತು ಮಾರಿಯೊ ಹೆ 2017, 2019 ಎರಡರಲ್ಲೂ ಕಪ್ಪನ್ನು ಕೊಂಡೊಯ್ದರು. ಒಗ್ಗಿಹೋದ ಜೋಡಿಯ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ರೆಯೆಸ್ ಎಂಬಾತ ಬಾಲ್ಯದಲ್ಲಿ ಮನಿಲಾದ ಬಂಧುವೊಬ್ಬರ ಪೂಲ್ ಮನೆಯಲ್ಲಿ ಬೆಳೆದು, ರಾತ್ರಿ ಆ ಮೇಜಿನ ಮೇಲೆಯೇ ಮಲಗುತ್ತಿದ್ದವನು. 'ಮಾಂತ್ರಿಕ'ನೆಂದು ಲೋಕವೇ ಕರೆದ ಅಂಥವನೂ ಜೋಡಿಯಾಟದಲ್ಲಿ ಪ್ರತಿ ಹೊಡೆತವಾದ ಮೇಲೆ ಹಿಂದೆ ಸರಿದು ನಿಲ್ಲಬೇಕಾಯಿತು.

ಈಗ ನಮ್ಮ ಕಾಲೇಜಿನ ಕಡೆಗೆ ಬರೋಣ. ಇಲ್ಲಿ ಜೋಡಿಯಾಗಿ, ಗುಂಪಾಗಿ ಮಾಡುವ ಕೆಲಸ ಇಲ್ಲವೆಂದಲ್ಲ. ಐವರಿಗೆ ಒಂದು ಪ್ರಬಂಧ ಬರೆಯಲು ಹೇಳುತ್ತಾರೆ. ಒಬ್ಬ ಬರೆಯುತ್ತಾನೆ, ನಾಲ್ವರು ಸಹಿ ಮಾಡುತ್ತಾರೆ. ನಾನು ಆ ಒಬ್ಬನೂ ಆಗಿದ್ದೇನೆ, ಆ ನಾಲ್ವರಲ್ಲಿಯೂ ಇದ್ದೇನೆ. ಇದನ್ನು ಸಹಕಾರವೆಂದು ಕರೆದು ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳಬಾರದು. ಸರದಿಯ ನಿಯಮ ಬಂದರೆ ಸೋಮಾರಿಗೆ ಅಡಗುವ ಮೂಲೆಯಿಲ್ಲ, ಜಾಣನಿಗೆ ಎಲ್ಲವನ್ನೂ ತಾನೇ ಬಾಚಿಕೊಳ್ಳುವ ದಾರಿಯಿಲ್ಲ. ಆದ್ದರಿಂದ ನನ್ನ ಸೂಚನೆ ಇದು: ನಮ್ಮ ಸೆಮಿನಾರುಗಳನ್ನೂ ಚರ್ಚಾಸ್ಪರ್ಧೆಗಳನ್ನೂ ಜೋಡಿಯಲ್ಲಿ ನಡೆಸೋಣ. ಒಬ್ಬನು ಐದು ನಿಮಿಷ ಮಾತಾಡಿ ನಿಲ್ಲಿಸಿದಲ್ಲಿಂದಲೇ ಇನ್ನೊಬ್ಬನು ಎತ್ತಿಕೊಳ್ಳಬೇಕು, ಮತ್ತೆ ಮೊದಲಿನವನು. ಇಂಗ್ಲಿಷ್ ಬಲ್ಲ ಪಟ್ಟಣದ ವಿದ್ಯಾರ್ಥಿಗೆ ನನ್ನಂಥ ಕನ್ನಡ ಮಾಧ್ಯಮದ ಹಳ್ಳಿಯವನು ಜೊತೆಯಾಗಲಿ. ಅಂಕ ಇಬ್ಬರಿಗೂ ಒಂದೇ. ಚುರುಕಾದವನಿಗೆ ಇದರಿಂದ ನಷ್ಟವೆಂದು ಅಧ್ಯಾಪಕರು ಆಕ್ಷೇಪಿಸಬಹುದು. ಆದರೆ ಇನ್ನೊಬ್ಬನಿಗೆ ಮುಂದಿನ ಮಾತನ್ನು ಸುಲಭವಾಗಿಸುವಂತೆ ತನ್ನ ಮಾತನ್ನು ನಿಲ್ಲಿಸಲು ಕಲಿಯುವುದು ಚುರುಕಿನ ಮೇಲುದರ್ಜೆಯೇ ಹೊರತು ನಷ್ಟವಲ್ಲ.

ಇಷ್ಟನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಕಾಲೇಜು ಮಾತ್ರವಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಹತ್ತನೆಯ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದವಳು ನನ್ನ ಅಕ್ಕ. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ನನ್ನ ಪರೀಕ್ಷೆಯ ಫೀಜು ಪ್ರತಿ ಸಲವೂ ಅವಳ ಸಂಬಳದಿಂದ ಬಂತು. ನಾನು ಇಂದು ಹೊಡೆಯುತ್ತಿರುವ ಚೆಂಡು ಸುಲಭವಾಗಿ ನಿಂತಿದ್ದರೆ ಅದನ್ನು ಹಾಗೆ ನಿಲ್ಲಿಸಿದವಳು ಅವಳು. ಊರಿನವರು ಇದನ್ನು ತ್ಯಾಗವೆಂದು ಹೊಗಳುತ್ತಾರೆ. ನಾನೂ ಹೊಗಳುತ್ತಿದ್ದೆ. ಆದರೆ ಆ ರಾತ್ರಿ ಆಟ ನೋಡುವಾಗ ಒಂದು ಮಾತು ಹೊಳೆದು ನಾಚಿಕೆಯಾಯಿತು: ಅಲ್ಲಿ ಹೊಡೆದವನ ಸರದಿ ಮರಳಿ ಬರುತ್ತದೆ, ನಮ್ಮ ಅಕ್ಕನ ಸರದಿ ಮರಳಿ ಬರಲೇ ಇಲ್ಲ. ಬೇಕೇ ಎಂದು ಅವಳನ್ನು ಯಾರೂ ಕೇಳಲೂ ಇಲ್ಲ.

ಕಳೆದ ರಜೆಯಲ್ಲಿ ನಾನು ಕೇಳಿದೆ. ಅವಳು ನಕ್ಕು, "ಈಗ್ಯಾಕೋ ತಮ್ಮಾ ಅದೆಲ್ಲ" ಎಂದಳು. ಮರುದಿನ ಬೆಳಿಗ್ಗೆ, ಖಾಸಗಿಯಾಗಿ ಪಿ.ಯು.ಸಿ. ಪರೀಕ್ಷೆಗೆ ಕೂರಲು ಏನೇನು ಬೇಕೆಂದು ತಾನಾಗಿಯೇ ವಿಚಾರಿಸಿದಳು. ನನ್ನ ಹಳೆಯ ಪುಸ್ತಕಗಳನ್ನು ಹುಡುಕಿಟ್ಟಿದ್ದೇನೆ. ಪದವಿಯಾದ ಮೇಲೆ ನನಗೆ ಬರುವ ಮೊದಲ ಸಂಬಳದಲ್ಲಿ ಅವಳ ಫೀಜಿನದೂ ಒಂದು ಪಾಲಿದೆ.

ಮಿತ್ರರೆ, ನಮ್ಮಲ್ಲಿ ಅನೇಕರ ಹಿಂದೆ ಹೀಗೆ ಒಬ್ಬರು ನಿಂತಿರುತ್ತಾರೆ. ಪದವಿಯ ಪತ್ರದಲ್ಲಿ ಅವರ ಹೆಸರು ಅಚ್ಚಾಗುವುದಿಲ್ಲ. ಆದರೆ ಮುಂದಿನ ಹೊಡೆತ ಅವರದು ಎಂಬುದನ್ನು ನಾವು ಮರೆಯದಿರೋಣ.