ಹೆಪ್ಪುಗಟ್ಟುವ ಕೆರೆ, ಬತ್ತುವ ಕೆರೆ

ಕೆರೆಯ ಮೇಲೆ ಜೀಪು ಓಡಿಸಬಹುದೇ? ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹುಡುಗರಿಗೆ ಈ ಪ್ರಶ್ನೆ ಕೇಳಿದರೆ ನಕ್ಕುಬಿಟ್ಟಾರು. ಧನುರ್ಮಾಸದ ಬೆಳಗಿನಲ್ಲಿ ಚಳ್ಳಕೆರೆಯ ಕಂಬಳಿ ಹೊದ್ದು ಕೂತರೆ ಸಾಕು, ಅಲ್ಲಿನ ಚಳಿ ಓಡಿಹೋಗುತ್ತದೆ. ಆದರೆ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಉಷ್ಣತೆ ಸೊನ್ನೆಗಿಂತ 20-30 ಡಿಗ್ರಿ ಸೆಲ್ಷಿಯಸ್ ಕೆಳಕ್ಕೆ ಇಳಿಯುವುದುಂಟು. ಆಗ ಸರೋವರಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಗಡ್ಡೆ ನಾಲ್ಕು ಅಂಗುಲ ಗಟ್ಟಿಯಾದ ಮೇಲೆ ಜನ ಅದರ ಮೇಲೆ ನಡೆಯುತ್ತಾರೆ. ಒಂದು ಅಡಿಗೂ ಮೀರಿ ದಪ್ಪವಾದರೆ ಜೀಪುಗಳೂ ಓಡುತ್ತವೆ. ಬೈರಿಗೆಯಿಂದ ಗಡ್ಡೆಗೆ ತೂತು ಕೊರೆದು, ಪುಟ್ಟ ಗುಡಿಸಲಿನೊಳಗೆ ಬೆಚ್ಚಗೆ ಕೂತು, ಮೊಳದುದ್ದದ ಕೋಲಿನಿಂದ ಗಾಳ ಇಳಿಬಿಡುವುದು ಅಲ್ಲಿನವರ ಚಳಿಗಾಲದ ಹವ್ಯಾಸ.

ಅವರು ಹುಡುಕುವ ಮೀನಿನ ಹೆಸರು ವಾಲೈ. ಅದರ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಒಳಬಂದ ಬೆಳಕನ್ನು ಅದು ಮತ್ತೊಮ್ಮೆ ಅಕ್ಷಿಪಟದ ಮೇಲೆ ಹಾಯಿಸುತ್ತದೆ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದೂ ಇಂತಹ ಪದರದಿಂದಲೇ. ಆದ್ದರಿಂದ ಸಣ್ಣ ಮೀನುಗಳಿಗೆ ಕಣ್ಣು ಮಂಜಾಗುವ ಮುಸ್ಸಂಜೆಯಲ್ಲಿ ವಾಲೈ ಬೇಟೆಗೆ ಹೊರಡುತ್ತದೆ. ಗಾಳ ಹಾಕುವವರು ಕಾಯುವುದೂ ಅದೇ ಹೊತ್ತಿಗೆ.

ಮೇಲೆ ಅಷ್ಟು ದಪ್ಪ ಗಡ್ಡೆ ಕಟ್ಟಿದರೂ ಕೆಳಗಿನ ಮೀನು ಸಾಯುವುದಿಲ್ಲವೇಕೆ? ಉತ್ತರ ಅಡುಗೆಮನೆಯಲ್ಲಿಯೇ ಇದೆ. ಕರಗಿದ ತುಪ್ಪಕ್ಕೆ ಗಟ್ಟಿ ತುಪ್ಪದ ಉಂಡೆ ಹಾಕಿ ನೋಡಿ, ಮುಳುಗುತ್ತದೆ. ನೀರಿಗೆ ಮಂಜುಗಡ್ಡೆ ಹಾಕಿದರೆ ತೇಲುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಆ ಗಡ್ಡೆಯೇ ಸರೋವರಕ್ಕೆ ಹೊದಿಕೆಯಾಗಿ, ಆಳದ ನೀರು ನೀರಾಗಿಯೇ ಉಳಿಯುತ್ತದೆ. ನೀರಿಗೂ ತುಪ್ಪದ ಗುಣವಿದ್ದಿದ್ದರೆ ಗಡ್ಡೆ ತಳದಿಂದ ಕಟ್ಟಿಕೊಂಡು ಬಂದು ಮೀನಿಗೆ ನೆಲೆಯೇ ಇರುತ್ತಿರಲಿಲ್ಲ.

ಆದರೂ ಅಪಾಯ ತಪ್ಪಿದ್ದಲ್ಲ. ಗಡ್ಡೆಯ ಮೇಲೆ ಹಿಮ ಬಿದ್ದರೆ ಬೆಳಕು ಒಳಗೆ ಹೋಗದು. ಜಲಸಸ್ಯಗಳು ಆಮ್ಲಜನಕ ತಯಾರಿಸವು. ಆಳವಿಲ್ಲದ ಕೆರೆಗಳಲ್ಲಿ ಚಳಿಗಾಲ ಮುಗಿಯುವಷ್ಟರಲ್ಲಿ ಮೀನುಗಳು ಉಸಿರುಕಟ್ಟಿ ಸಾಯುವುದುಂಟು.

ಬಯಲುಸೀಮೆಯ ಕೆರೆಗಳಿಗೆ ಇದೇ ಕಷ್ಟ ಬೇಸಿಗೆಯಲ್ಲಿ ಬರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಬತ್ತುತ್ತಿರುವ ಕೆರೆಯಲ್ಲಿ ನಸುಕಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಈ ಕಾರಣಕ್ಕೆ. ಕಾಟ್ಲಾ, ರೋಹು ಇದನ್ನು ಬಹುಕಾಲ ತಾಳಲಾರವು. ತಾಳುವುದು ಕೊರವ, ಅಂದರೆ ಮುರೆಲ್ ಮೀನು. ಅದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಚರ್ಮ ಒದ್ದೆಯಾಗಿದ್ದರೆ ಕೆಸರಿನಲ್ಲಿ ಹುದುಗಿಯೂ ಬದುಕಬಲ್ಲದು.

ಸಂಸಾರ ನಡೆಸುವುದರಲ್ಲೂ ಇವೆರಡಕ್ಕೆ ಅಜಗಜಾಂತರ. ಮಂಜು ಕರಗಿದ ಕೂಡಲೇ ವಾಲೈ ಕಲ್ಲುಹರಳಿನ ತಳದಲ್ಲಿ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತದೆ. ಕೊರವ ಹಾಗಲ್ಲ. ಜೊಂಡಿನ ನಡುವೆ ಜಾಗ ಮಾಡಿ, ಮರಿಗಳ ಹಿಂಡನ್ನು ಕಾಯುತ್ತದೆ. ಈ ಕಾವಲಿನ ಮೀನನ್ನು ಹಿಡಿದರೆ ಮರಿಗಳು ಅನಾಥ. ಕಾಟ್ಲಾ, ರೋಹುಗಳೋ ನಿಂತ ಕೆರೆನೀರಿನಲ್ಲಿ ಮರಿ ಮಾಡುವುದೇ ಇಲ್ಲ. ಮರಿ ತಂದು ಬಿಡಬೇಕು.

ಹಿಡಿಯುವುದಕ್ಕೆ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿನ್ನೆಸೋಟದ ರೆಡ್ ಲೇಕ್ ಸರೋವರವೇ ಸಾಕ್ಷಿ. ಓಜಿಬ್ವೆ ಮೂಲನಿವಾಸಿಗಳ ನೆಲೆಯಾದ ಆ ದೊಡ್ಡ ಸರೋವರದಲ್ಲಿ ಅತಿಯಾಗಿ ಬಲೆ, ಗಾಳ ಹಾಕಿದ್ದರಿಂದ 1990ರ ದಶಕದಲ್ಲಿ ವಾಲೈ ಸಂತತಿ ಕುಸಿದುಬಿತ್ತು. ಕೊನೆಗೆ ಮೂಲನಿವಾಸಿಗಳೂ ಸರ್ಕಾರವೂ ಕೂತು ಮಾತಾಡಿ, 1999ರಲ್ಲಿ ಒಪ್ಪಂದ ಮಾಡಿಕೊಂಡು ವಾಲೈ ಹಿಡಿಯುವುದನ್ನೇ ನಿಲ್ಲಿಸಿದರು. ಮರಿಗಳನ್ನು ಬಿಟ್ಟರು, ಕಾದರು. 2006ರಲ್ಲಿ, ಮಿತಿಯ ಷರತ್ತಿನೊಡನೆ, ಮತ್ತೆ ಗಾಳ ಹಾಕಲು ಸಾಧ್ಯವಾಯಿತು. ಮೀನನ್ನೇ ನಂಬಿದ ಸಂಸಾರಗಳಿಗೆ ಆ ವರ್ಷಗಳು ಹಗುರವಾಗಿರಲಿಲ್ಲ. ಆದರೆ ಸರೋವರ ಉಳಿಯಿತು.

ಇಂತಹ ಮಿತಿಯ ಮಾತು ನಮ್ಮ ನೆಲಕ್ಕೆ ಹೊಸದೇನಲ್ಲ. ಅಶೋಕ ಚಕ್ರವರ್ತಿ ತನ್ನ ಐದನೆಯ ಸ್ತಂಭಶಾಸನದಲ್ಲಿ, ವರ್ಷದ ಕೆಲವು ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಕಟ್ಟಳೆ ಮಾಡಿದ್ದ. ಆ ಸ್ತಂಭಗಳು ಉತ್ತರದಲ್ಲಿವೆ. ಸಿದ್ದಾಪುರ, ಪಕ್ಕದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಬಂಡೆಶಾಸನಗಳಲ್ಲಿ ಮೀನಿನ ಹೆಸರಿಲ್ಲ. ಅಲ್ಲಿರುವುದು ತಾಯಿತಂದೆಯರ ಮಾತು ಕೇಳುವುದು, ಗುರುವನ್ನು ಗೌರವಿಸುವುದು, ಸತ್ಯ ನುಡಿಯುವುದು, ಜೀವಿಗಳ ಬಗ್ಗೆ ದಯೆ ತೋರುವುದು.

ರಜೆಯಲ್ಲಿ ಅತ್ತ ಹೋಗುವ ತಂದೆತಾಯಿಗಳು ಮಕ್ಕಳಿಗೆ ಬಂಡೆಯನ್ನೂ ತೋರಿಸಲಿ, ದಾರಿಯ ಕೆರೆಯನ್ನೂ ತೋರಿಸಲಿ. ಮರಿಗಳ ಹಿಂಡಿನ ಹಿಂದೆ ಕೊರವ ಕಂಡರೆ ಅದನ್ನು ಅದರ ಪಾಡಿಗೆ ಬಿಡಲು ಹೇಳಲಿ. ಮಳೆ ಯಾವಾಗ ಬಂದೀತೆಂದು ಹೇಳಲಾಗದ ಸೀಮೆಯಲ್ಲಿ, ಕೆರೆ ಮತ್ತೆ ತುಂಬಿದಾಗ ಮೀನಿರಬೇಕಾದರೆ ಕೆಲವಾದರೂ ಉಳಿದಿರಬೇಕು.