ಕುಂಟುವ ಆಟಗಾರ, ನಗುವ ಪತ್ತೇದಾರ!

ಪಂದ್ಯ ಮುಗಿಯಿತು. ನಮ್ಮೋರು ಗೆದ್ದರು. ನೀವು ಪಟಾಕಿ ಹೊಡೆದಿರಿ, ಬೈಕಿನ ಹಾರನ್ನು ಕಿತ್ತುಹೋಗುವ ಹಾಗೆ ಬಾರಿಸಿದಿರಿ, ಮಾರನೇ ದಿನ ಪೇಪರನ್ನು ಹಿಂದಿನ ಪುಟದಿಂದ ಮುಂದಕ್ಕೆ ಓದಿದಿರಿ. ಎಲ್ಲಾ ಸರಿ. ಆದರೆ ಗೆಳೆಯರೇ, ಹೋದ ಸೀಸನ್ನಿನಲ್ಲಿ ಮಂಡಿ ಹಿಡಿದುಕೊಂಡು ಬಿದ್ದು ಸ್ಟ್ರೆಚರ್ ಮೇಲೆ ಹೋದನಲ್ಲ ಒಬ್ಬ ಹುಡುಗ, ಅವನು ಈಗ ಎಲ್ಲಿದ್ದಾನೆ? ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಾನೆ? ಅವನ ಹೆಸರಾದರೂ ನಿಮಗೆ ನೆನಪಿದೆಯೇ?

ಬಿಡಿ, ಯಾರಿಗೂ ನೆನಪಿರುವುದಿಲ್ಲ. ಆಟದ ಪುಟಕ್ಕೆ ಬೇಕಾದ್ದು ಇವತ್ತಿನ ಸ್ಕೋರು. ಬಿದ್ದವನ ಲೆಕ್ಕ ಇಡುವ ಪುಸ್ತಕ ಬೇರೆಯೇ ಇದೆ. ಅದು ವಿದ್ವಾಂಸರು ಬರೆದ ಕ್ರೀಡಾ ಚರಿತ್ರೆಯಲ್ಲ. ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಮೂಲೆ ಮಡಚಿಕೊಂಡು ಬಿದ್ದಿರುವ, ರಟ್ಟಿನ ಮೇಲೆ ಪಿಸ್ತೂಲು ಇರುವಂಥ ಪತ್ತೇದಾರಿ ಕಾದಂಬರಿ. ಅದರಲ್ಲೂ ಆಟದ ಲೋಕದಲ್ಲಿ ನಡೆಯುವ, ಓದುತ್ತಾ ಓದುತ್ತಾ ನಗು ಉಕ್ಕಿಸುವ ಪತ್ತೇದಾರಿ ಕಾದಂಬರಿ.

ಟೈಂಪಾಸ್ ಮಾಲು ಎಂದು ಮೂಗು ಮುರಿಯುವವರು ಮುರಿಯಲಿ, ಮೂಗು ಅವರದು. ನಾನು ಹೇಳುವುದು ಇಷ್ಟೇ: ಈ ಪುಸ್ತಕಗಳ ನಗು ಮೇಲೆ ಉದುರಿಸಿದ ಸಕ್ಕರೆಯಲ್ಲ. ಅದು ಪೆಟ್ಟು ತಿಂದವನ ನಗು. ಪೆಟ್ಟು ತಿಂದವನಿಗೆ ಮಾತ್ರ ಆಟದ ಒಳಗುಟ್ಟು ಕಾಣುತ್ತದೆ. ಆದ್ದರಿಂದಲೇ ಈ ಕಾದಂಬರಿಗಳಲ್ಲಿ ಅವನೇ ಪತ್ತೇದಾರ.

ಆಟಕ್ಕೂ ಪತ್ತೇದಾರಿಗೂ ಸಂಬಂಧ ಇವತ್ತಿನದಲ್ಲ. ಷರ್ಲಾಕ್ ಹೋಮ್ಸ್ 1892ರಷ್ಟು ಹಿಂದೆಯೇ ಒಂದು ರೇಸಿನ ಕುದುರೆಯನ್ನು ಹುಡುಕಿಕೊಂಡು ಹೋಗಿದ್ದ. 'ಸಿಲ್ವರ್ ಬ್ಲೇಜ್' ಎಂಬ ಆ ಕತೆಯಲ್ಲಿ ದೊಡ್ಡಸ್ತಿಕೆ ತೋರಿಸಿದ ಕುದುರೆ ಮಾಲೀಕನಿಗೆ ಹೋಮ್ಸ್ ಮಾಡುವ ತಮಾಷೆಯೇ ಅರ್ಧ ಮಜಾ. 1904ರ ಇನ್ನೊಂದು ಕತೆ ನೋಡಿ. ಕೇಂಬ್ರಿಜ್ ರಗ್ಬಿ ತಂಡದ ನಾಯಕ ಬೆವರು ಸುರಿಸಿಕೊಂಡು ಓಡಿ ಬರುತ್ತಾನೆ. ನಾಳೆ ಆಕ್ಸ್‌ಫರ್ಡ್ ವಿರುದ್ಧ ಪಂದ್ಯ, ತಂಡದ ಮುಖ್ಯ ಆಟಗಾರನೇ ಮಾಯ! ಹೋಮ್ಸ್ ತಣ್ಣಗೆ ಕೂತಿದ್ದಾನೆ. ಆ ಆಟಗಾರನ ಹೆಸರನ್ನೇ ಅವನು ಕೇಳಿಲ್ಲ! ನಾಯಕನಿಗೆ ಆಕಾಶ ಕಳಚಿ ಬಿದ್ದ ಹಾಗಾಗುತ್ತದೆ. ಇವರ ಹೆಸರು ಗೊತ್ತಿಲ್ಲದ ಮನುಷ್ಯನೂ ಇಂಗ್ಲೆಂಡಿನಲ್ಲಿ ಇದ್ದಾನೆಯೇ? ಅಭಿಮಾನಿಯ ಲೋಕ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎರಡನ್ನೂ ಆ ಒಂದು ಸನ್ನಿವೇಶ ಹೇಳಿಬಿಡುತ್ತದೆ. ನಮ್ಮನ್ನೇ ನೋಡಿ ನಕ್ಕ ಹಾಗಿದೆ, ಅಲ್ಲವೇ?

ಆದರೆ ಹೋಮ್ಸ್ ಹೊರಗಿನವನು. ಒಳಗಿನವನು ಬಂದದ್ದು ಡಿಕ್ ಫ್ರಾನ್ಸಿಸ್ ಮೂಲಕ. ಈತ ಇಂಗ್ಲೆಂಡಿನ ಚಾಂಪಿಯನ್ ಜಾಕಿ. 1956ರ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ರಾಜಮಾತೆಯ ಕುದುರೆ ಡೆವನ್ ಲಾಕ್ ಮೇಲೆ ಕೂತಿದ್ದ. ಎಲ್ಲಾ ಬೇಲಿ ಹಾರಿ ಆಗಿತ್ತು, ಹಿಂದಿದ್ದ ಕುದುರೆ ದೂರದಲ್ಲಿತ್ತು, ಗುರಿ ಕೆಲವೇ ಗಜ. ಇದ್ದಕ್ಕಿದ್ದಂತೆ ಕುದುರೆಯ ಕಾಲು ಚಾಚಿಕೊಂಡು ಹೊಟ್ಟೆ ನೆಲಕ್ಕೆ ಬಡಿಯಿತು! ಗೆಲುವು ಇ.ಎಸ್.ಬಿ. ಎಂಬ ಇನ್ನೊಂದು ಕುದುರೆಯ ಪಾಲಾಯಿತು. ಯಾಕೆ ಬಿತ್ತು? ಜನರ ಕೂಗಿಗೆ ಬೆದರಿತು ಅಂದರು, ಬೇಲಿಯ ನೆರಳು ಕಂಡು ಹಾರಲು ಹೋಯಿತು ಅಂದರು, ಸ್ನಾಯು ಹಿಡಿಯಿತು ಅಂದರು. ಇವತ್ತಿಗೂ ಖಚಿತ ಉತ್ತರವಿಲ್ಲ. ಮರು ವರ್ಷ ಫ್ರಾನ್ಸಿಸ್ ಕುದುರೆಯಿಂದ ಇಳಿದು ಪೆನ್ನು ಹಿಡಿದ. 1962ರಲ್ಲಿ ಮೊದಲ ಪತ್ತೇದಾರಿ ಕಾದಂಬರಿ 'ಡೆಡ್ ಸರ್ಟ್' ಬಂತು. ಆಮೇಲೆ ನಾಲ್ಕು ದಶಕ ಕತೆ ಬಿಟ್ಟು ಇಳಿಯಲಿಲ್ಲ. ಅಮೆರಿಕದ ಎಡ್ಗರ್ ಪ್ರಶಸ್ತಿಯನ್ನು ಮೂರು ಸಲ ಹೊಡೆದುಕೊಂಡ.

1965ರ 'ಆಡ್ಸ್ ಅಗೆನ್ಸ್ಟ್'ನಲ್ಲಿ ಅವನು ಸೃಷ್ಟಿಸಿದ ಪತ್ತೇದಾರ ಸಿಡ್ ಹ್ಯಾಲಿ. ಇವನೂ ಚಾಂಪಿಯನ್ ಜಾಕಿಯೇ. ಆದರೆ ಕುದುರೆಯ ಲಾಳಕ್ಕೆ ಸಿಕ್ಕಿ ಎಡಗೈ ಹಾಳಾಗಿದೆ. ಲಗಾಮು ಹಿಡಿಯಲಾಗದು, ರೇಸು ಬಿಟ್ಟು ಇರಲಾಗದು. ಆ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ಓಡಾಡುವವನು ಎದುರಾಳಿಯ ಸುಳ್ಳನ್ನು ಬಯಲಿಗೆಳೆಯುತ್ತಾನೆ. ಫ್ರಾನ್ಸಿಸ್ ಹೊಟ್ಟೆ ಹುಣ್ಣಾಗುವಂತೆ ನಗಿಸುವವನಲ್ಲ. ಅವನದು ತುಟಿಯಂಚಿನ ನಗು.

ಹೊಟ್ಟೆ ಹುಣ್ಣಾಗಬೇಕೆ? ಅಮೆರಿಕಕ್ಕೆ ಹೋಗೋಣ.

ಹಾರ್ಲನ್ ಕೋಬನ್ 1995ರಲ್ಲಿ 'ಡೀಲ್ ಬ್ರೇಕರ್' ಬರೆದ. ಕಾಲೇಜಿನಲ್ಲಿ ತಾನೂ ಬ್ಯಾಸ್ಕೆಟ್‌ಬಾಲ್ ಆಡಿದವನು. ಅವನ ನಾಯಕ ಮೈರನ್ ಬೊಲಿಟಾರ್. ಡ್ಯೂಕ್ ವಿಶ್ವವಿದ್ಯಾಲಯದ ತಾರೆ, ಬಾಸ್ಟನ್ ಸೆಲ್ಟಿಕ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಹುಡುಗ. ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯದಲ್ಲಿ ಮಂಡಿ ಮುರಿಯಿತು. ಮುಗೀತು! ಒಂದು ನಿಜವಾದ ಪಂದ್ಯವನ್ನೂ ಆಡದೆ ವೃತ್ತಿ ಮುಗಿದುಹೋಯಿತು. ಹಾರ್ವರ್ಡ್‌ನಲ್ಲಿ ಕಾನೂನು ಓದಿ ಆಟಗಾರರ ಏಜೆಂಟ್ ಆದ. ಮೂವತ್ತು ದಾಟಿದ ಗಂಡಸು, ಸೂಟು ಬೂಟು ಹಾಕಿ ಕೋಟಿ ಕೋಟಿ ಡಾಲರ್ ಕರಾರು ಮಾತಾಡುತ್ತಾನೆ, ರಾತ್ರಿ ಮಾತ್ರ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಮಲಗುತ್ತಾನೆ. ಕುಡಿಯುವುದು ವಿಸ್ಕಿಯಲ್ಲ, ಯೂ-ಹೂ ಎಂಬ ಮಕ್ಕಳ ಚಾಕೊಲೇಟ್ ಪಾನೀಯ! ಆಫೀಸಿನ ಬಲಗೈ ಎಸ್ಪೆರಾನ್ಸಾ, ಹಿಂದೊಮ್ಮೆ ಟೀವಿ ಕುಸ್ತಿಯ ತಾರೆ. ಜೀವದ ಗೆಳೆಯ ವಿನ್, ಹುಟ್ಟಾ ಶ್ರೀಮಂತ, ನೋಡಲು ನಾಜೂಕು, ಕೈ ಎತ್ತಿದರೆ ಯಮ.

ಗೂಂಡಾಗಳು ಸುತ್ತುವರಿದು ನಿಂತಾಗಲೂ ಮೈರನ್ ಬಾಯಿ ಮುಚ್ಚುವುದಿಲ್ಲ. ಏನಾದರೊಂದು ಕುಚೋದ್ಯ ಎಸೆಯುತ್ತಾನೆ. ಹೊಡೆತ ಬೀಳುತ್ತದೆ, ಇನ್ನೊಂದು ಎಸೆಯುತ್ತಾನೆ. ಮೊದಮೊದಲು ನಾವು ಬರೀ ನಗುತ್ತೇವೆ. ಎರಡು ಪುಸ್ತಕ ದಾಟುವಷ್ಟರಲ್ಲಿ ಗೊತ್ತಾಗುತ್ತದೆ, ಈ ಮನುಷ್ಯ ತನ್ನ ಮಂಡಿಯ ಬಗ್ಗೆ ಮಾತ್ರ ತಮಾಷೆ ಮಾಡಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಎಲ್ಲಿ ಜೋಕು ಜಾಸ್ತಿಯೋ ಅಲ್ಲಿ ನೋವು ಜಾಸ್ತಿ. 1996ರ 'ಫೇಡ್ ಅವೇ'ಯಲ್ಲಿ ಒಂದು ತಂಡದ ಮಾಲೀಕ ಕರೆದು, ಕಾಣೆಯಾದ ಆಟಗಾರನನ್ನು ಗುಟ್ಟಾಗಿ ಹುಡುಕಲು ತಂಡದ ಒಳಕ್ಕೇ ಸೇರು ಅನ್ನುತ್ತಾನೆ. ವರ್ಷಗಳಾದ ಮೇಲೆ ಮೈರನ್ ಮತ್ತೆ ಜರ್ಸಿ ಹಾಕುತ್ತಾನೆ. ಅದು ವೇಷ ಎಂದು ಅವನಿಗೂ ಗೊತ್ತು. ಆದರೂ ಎದೆಯೊಳಗೆ ಹಾಳು ಆಸೆ ಎದ್ದು ಕೂರುತ್ತದೆ. ಒಂದು ಕಾಲಕ್ಕೆ ಯಾವುದಾದರೂ ತಂಡದಲ್ಲಿ ಆಡಿ, ಆಮೇಲೆ ಬಿಟ್ಟು, ಕೆಲಸಕ್ಕೆ ಸೇರಿದ ನಿಮ್ಮಂಥವರು ಆ ಪುಟ ಓದುವಾಗ ಸುಮ್ಮನಾಗಿಬಿಡುತ್ತೀರಿ. ಈ ಕಾದಂಬರಿಗೂ ಎಡ್ಗರ್ ಪ್ರಶಸ್ತಿ ಬಂತು. ಸುಮ್ಮನೆ ಬರಲಿಲ್ಲ.

ಈಗ ದುಡ್ಡಿನ ಮಾತು. ಪೊಲೀಸನಲ್ಲದ, ಪ್ರೈವೇಟ್ ಡಿಟೆಕ್ಟಿವ್ ಅಲ್ಲದ ಏಜೆಂಟನಿಗೆ ಪತ್ತೇದಾರಿ ಯಾಕೆ? ಲೆಕ್ಕ ನೋಡಿ. ಅಮೆರಿಕದ ಆಟಗಾರರ ಸಂಘಗಳ ನಿಯಮದ ಪ್ರಕಾರ ಆಟಗಾರನ ಕರಾರಿನಲ್ಲಿ ಏಜೆಂಟ್ ಪಾಲು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚೆಂದರೆ ಶೇ. 4, ಅವರ ಫುಟ್‌ಬಾಲ್‌ನಲ್ಲಿ ಶೇ. 3. ಆಟಗಾರ ಜೈಲಿಗೆ ಹೋದರೆ ಆ ಪಾಲೂ ಜೈಲಿಗೆ ಹೋಯಿತು! ಹೀಗಾಗಿ ಗಿರಾಕಿಯ ಮಾನ, ಪ್ರಾಣ, ಕರಾರು ಮೂರನ್ನೂ ಉಳಿಸಲು ಏಜೆಂಟನೇ ಓಡಬೇಕು. ಓಡುವಾಗ ಅವನಿಗೆ ಎಲ್ಲರ ಮನೆ ಬಾಗಿಲೂ ತೆರೆಯುತ್ತದೆ. ಮಾಲೀಕ, ಕೋಚು, ಶೂ ಕಂಪನಿಯವನು, ಬುಕ್ಕಿ, ಮಗಳನ್ನು ಮೂರನೇ ವಯಸ್ಸಿಗೇ ಅಂಗಳಕ್ಕೆ ದಬ್ಬಿದ ಅಪ್ಪ... ಪ್ರತಿಯೊಬ್ಬನಿಗೂ ಒಂದು ಕಾರಣ, ಪ್ರತಿಯೊಬ್ಬನಿಗೂ ಒಂದು ಗುಟ್ಟು. ಪತ್ತೇದಾರಿ ಬರೆಯುವವನಿಗೆ ಇದಕ್ಕಿಂತ ಹುಲುಸಾದ ಹೊಲ ಎಲ್ಲಿ ಸಿಕ್ಕೀತು?

'ಡ್ರಾಪ್ ಶಾಟ್'ನಲ್ಲಿ ಯುಎಸ್ ಓಪನ್ ಟೆನಿಸ್ ನಡೆಯುತ್ತಿರುವಾಗಲೇ, ಅಂಗಳದ ಹೊರಗೆ, ಹಿಂದೊಮ್ಮೆ ಬಾಲಪ್ರತಿಭೆ ಎನಿಸಿಕೊಂಡಿದ್ದ ಹುಡುಗಿ ಗುಂಡಿಗೆ ಬೀಳುತ್ತಾಳೆ. 1997ರ 'ಬ್ಯಾಕ್ ಸ್ಪಿನ್'ನಲ್ಲಿ ಗಾಲ್ಫ್. ಇಪ್ಪತ್ತಮೂರು ವರ್ಷದ ಹಿಂದೆ ಗೆಲ್ಲಬೇಕಾದ ಪಂದ್ಯವನ್ನು ಕೈಚೆಲ್ಲಿದ್ದ ಆಟಗಾರ ಅದೇ ಮೈದಾನದಲ್ಲಿ ಮತ್ತೆ ಮುಂದಿದ್ದಾನೆ, ಅಷ್ಟರಲ್ಲಿ ಮಗನ ಅಪಹರಣ. ಗೆದ್ದರೆ ಮಗ ಏನಾಗುತ್ತಾನೆ? ಸೋತರೆ ತಾನು ಏನಾಗುತ್ತಾನೆ? ಕೊಲೆಗಾರ ಯಾರು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ನನ್ನನ್ನು ಬಿಡುವುದಿಲ್ಲ! ಆದರೆ ಒಂದು ಗಮನಿಸಿ: ಈ ಕತೆಗಳಲ್ಲಿ ಮೂಲ ಅಪರಾಧ ಬಹುಪಾಲು ಹಳೆಯದು. ಯಾರೋ ದೊಡ್ಡವರು ಯಾವಾಗಲೋ ಮುಚ್ಚಿಹಾಕಿದ್ದು. ಆಟ ನಡೆಯಲಿ, ದುಡ್ಡು ಬರಲಿ ಎಂದು ಎಲ್ಲರೂ ಕಣ್ಣು ಮುಚ್ಚಿಕೊಂಡದ್ದು.

ದೋಷ ಇಲ್ಲವೇ? ಇದೆ. ಎಲ್ಲಿ ಮೈರನ್ ಸಿಕ್ಕಿಬಿದ್ದನೋ ಅಲ್ಲಿಗೆ ವಿನ್ ಬಂದು ಬಡಿದು, ಕೊಂದು, ದಾರಿ ಮಾಡಿಕೊಡುತ್ತಾನೆ. ನಮ್ಮ ಸಿನಿಮಾದ ಕೊನೇ ಫೈಟಿನ ಹಾಗೆ. ಇದು ಸುಲಭದ ದಾರಿ. ಕೋಬನ್‌ಗೂ ಅದು ಗೊತ್ತಿದೆ ಎನ್ನುವುದು ಸಮಾಧಾನ. ಗೆಳೆಯನ ಕೈಗೆ ಅಂಟಿದ ರಕ್ತದಲ್ಲಿ ತನ್ನ ಪಾಲೆಷ್ಟು ಎಂದು ಮೈರನ್ ಕೇಳಿಕೊಳ್ಳುತ್ತಾನೆ. ಹನ್ನೆರಡನೇ ಪುಸ್ತಕ 'ಥಿಂಕ್ ಟ್ವೈಸ್' 2024ರಲ್ಲಿ ಬಂದರೂ ಆ ಪ್ರಶ್ನೆ ಅವನನ್ನು ಬಿಟ್ಟಿಲ್ಲ.

ಇಷ್ಟೆಲ್ಲಾ ಅಮೆರಿಕದ ಪುರಾಣ ನಮಗೆ ಯಾಕಪ್ಪಾ ಅಂತೀರಾ? ಬನ್ನಿ ಬೆಂಗಳೂರಿಗೆ.

2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಪಂದ್ಯಗಳಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ನಡೆದಿದೆ ಎಂದು ಸಿಸಿಬಿ ಪೊಲೀಸರು ಆಟಗಾರರನ್ನೂ ಒಬ್ಬ ತಂಡದ ಮಾಲೀಕನನ್ನೂ ಬಂಧಿಸಿದರು. ಕೇಸು ಹೈಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಬಂದ ತೀರ್ಪು ನೆನಪಿದೆಯೇ? ಪಂದ್ಯ ಫಿಕ್ಸ್ ಮಾಡುವುದು ಅಶಿಸ್ತು, ಅಪ್ರಾಮಾಣಿಕತೆ ಇರಬಹುದು, ಅದಕ್ಕೆ ಕ್ರಿಕೆಟ್ ಮಂಡಳಿ ಶಿಸ್ತುಕ್ರಮ ಕೈಗೊಳ್ಳಬಹುದು. ಆದರೆ ದಂಡಸಂಹಿತೆಯ ವಂಚನೆ ಕಲಮಿಗೆ ಅದು ಬರುವುದಿಲ್ಲ. ಯಾಕೆಂದರೆ ಪ್ರೇಕ್ಷಕ ಟಿಕೆಟ್ಟನ್ನು ತಾನಾಗಿಯೇ ಕೊಳ್ಳುತ್ತಾನೆ. ಕಾನೂನಿನ ಅಕ್ಷರ ನೋಡಿ ಕೋರ್ಟು ಹೇಳಿದ ಮಾತು ಅದು. ನನ್ನ ತಕರಾರು ಕೋರ್ಟಿನ ಮೇಲಲ್ಲ. ನನ್ನ ಪ್ರಶ್ನೆ ನಿಮಗೆ. ಗಂಟಲು ಹರಿಯುವಂತೆ ಕೂಗಿದ ಪಂದ್ಯ ಮೊದಲೇ ಬರೆದಿಟ್ಟ ನಾಟಕ ಎಂದು ತಿಳಿದ ದಿನ ನೀವು ಕಳೆದುಕೊಳ್ಳುವುದು ಏನು? ಟಿಕೆಟ್ಟಿನ ದುಡ್ಡು ಮಾತ್ರವೇ?

ಆ ನಷ್ಟಕ್ಕೆ ದಂಡಸಂಹಿತೆಯಲ್ಲಿ ಹೆಸರಿಲ್ಲ. ಕಾದಂಬರಿಯಲ್ಲಿ ಇದೆ. ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಯನ್ನು ಹಿಡಿದು ಜೈಲಿಗೆ ಹಾಕುವುದು ಕಷ್ಟ, ಆದರೆ ಬೇಲಿಯ ಮುಖಕ್ಕೆ ನಗುವುದು ಸಾಧ್ಯ. ಭಾಷಣ ಮಾಡಿದರೆ ನೀವು ಎದ್ದು ಹೋಗುತ್ತೀರಿ. ನಗಿಸಿದರೆ ಕೊನೇ ಪುಟದವರೆಗೂ ಕೂರುತ್ತೀರಿ. ಅಷ್ಟರಲ್ಲಿ ಯಾರು ಯಾರ ಜೇಬು ಹೊಡೆದರು ಎಂದು ತಿಳಿದಿರುತ್ತದೆ. ಈ ಪುಸ್ತಕಗಳ ಆಕರ್ಷಣೆ ಇಲ್ಲಿದೆ.

ಕನ್ನಡಕ್ಕೆ ಇದಕ್ಕೆ ಬೇಕಾದ ಸಾಮಾನಿನ ಕೊರತೆಯೇ? ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನ ಹಿಂದೆ ನಾಡನ್ನೇ ಓಡಿಸಿದ ಎನ್. ನರಸಿಂಹಯ್ಯ ನಮ್ಮವರು. ತಿಂಮನ ಬಾಯಲ್ಲಿ ದೊಡ್ಡವರ ಚರ್ಮ ಸುಲಿಸಿದ ಬೀchi ನಮ್ಮವರು. ರಹಸ್ಯವನ್ನೂ ನಗುವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬಹುದೆಂದು 'ಚಿದಂಬರ ರಹಸ್ಯ'ದಲ್ಲಿ ತೋರಿಸಿ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತೇಜಸ್ವಿ ನಮ್ಮವರು. ಆಟದ ಅಂಗಳಕ್ಕೂ ಬರವಿಲ್ಲ. ಮೈಸೂರಿನ ಗರಡಿಮನೆ ಇದೆ. ಕರಾವಳಿಯ ಕಂಬಳದ ಗದ್ದೆ ಇದೆ. ಬೆಂಗಳೂರಿನ ರೇಸ್‌ಕೋರ್ಸ್ ಇದೆ. ಮನೆತನಕ್ಕೊಂದು ತಂಡ ಕಟ್ಟಿ, ಗಂಡಸರು ಹೆಂಗಸರು ಒಟ್ಟಿಗೇ ಆಡುವ ಕೊಡವ ಹಾಕಿ ಉತ್ಸವ 1997ರಿಂದ ನಡೆದುಕೊಂಡು ಬಂದಿದೆ. ಫೈನಲ್ ಹಿಂದಿನ ರಾತ್ರಿ ಒಂದು ಮನೆತನದ ಗೋಲ್‌ಕೀಪರ್ ಕಾಣೆಯಾದ ಅಂತ ಇಟ್ಟುಕೊಳ್ಳಿ. ಸಂಶಯಕ್ಕೆ ಒಳಗಾಗುವವರೆಲ್ಲಾ ಬೀಗರೇ! ನಗು ಬಂತಲ್ಲ?

ಹಾಗಾದರೆ ಬರೆಯಿರಿ. ಕಾಲೇಜಿಗೆ ಆಡಿದವರು, ಸ್ಕೋರ್ ಬರೆದವರು, ತಂಡಕ್ಕೆ ನೀರು ಹೊತ್ತವರು, ಆಯ್ಕೆಯ ದಿನ ಬಾಗಿಲಾಚೆ ನಿಂತು ವಾಪಸ್ ಬಂದವರು, ನಿಮಗೆ ಗೊತ್ತಿರುವಷ್ಟು ಗುಟ್ಟು ಯಾವ ಸಾಹಿತಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಸಿಡ್ ಹ್ಯಾಲಿಯನ್ನೂ ಮೈರನ್‌ನನ್ನೂ ಹುಡುಕಿ ಓದಿ. ಆದರೆ ಕನ್ನಡದಲ್ಲಿ ಬರೆಯಲು ಕೂತಾಗ ಪತ್ತೇದಾರನನ್ನು ಲಂಡನ್ನಿನಿಂದ ತರಿಸಬೇಡಿ. ಹುಬ್ಬಳ್ಳಿಯಲ್ಲೋ ಮಂಡ್ಯದಲ್ಲೋ ಮಂಡಿ ಮುರಿದುಕೊಂಡು ಕೂತ ಕಬಡ್ಡಿ ಹುಡುಗನೊಬ್ಬ ಸಿಗುತ್ತಾನೆ. ಅವನಿಗೊಂದು ಸ್ಕೂಟರು ಕೊಡಿ, ಕೇಸು ಕೊಡಿ, ಮುಖ್ಯವಾಗಿ ಚುರುಕಾದ ನಾಲಿಗೆ ಕೊಡಿ. ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ.